ಒಂದು ಸೀಟಿನ ಲೆಕ್ಕ

ಪಿಯುಸಿ ಮುಗಿದ ಮೇಲೆ ಕರ್ನಾಟಕದ ಮನೆಗಳಲ್ಲಿ ನಡೆಯುವ ಮಾತುಕತೆಯಲ್ಲಿ 'ಓದು' ಎಂಬ ಪದಕ್ಕಿಂತ 'ಸೀಟು' ಎಂಬ ಪದವೇ ಹೆಚ್ಚಾಗಿ ಕೇಳಿಬರುತ್ತದೆ. ಸೀಟು ಸಿಕ್ಕಿತೇ, ಯಾವ ಕೋಟಾದ್ದು, ಎಷ್ಟು ಕಟ್ಟಬೇಕು ಎಂಬ ಪ್ರಶ್ನೆಗಳು ತೀರಿದ ಬಳಿಕವೇ, ಅದೂ ವ್ಯವಧಾನ ಉಳಿದಿದ್ದರೆ, ಮುಂದಿನ ನಾಲ್ಕು ವರ್ಷಗಳಲ್ಲಿ ಮಗ ಅಥವಾ ಮಗಳು ಏನನ್ನು ಕಲಿಯುತ್ತಾರೆ, ಕಲಿತದ್ದು ಅವರನ್ನು ಎಲ್ಲಿಗೆ ಒಯ್ಯುತ್ತದೆ ಎಂಬ ವಿಚಾರ ಬರುತ್ತದೆ. ಈ ಪದಬಳಕೆಯನ್ನು ಜನರ ಅವಿವೇಕವೆಂದು ತಳ್ಳಿಹಾಕುವುದು ತಪ್ಪಾಗುತ್ತದೆ. ಕಳೆದ ಐವತ್ತು ವರ್ಷಗಳಲ್ಲಿ ಉನ್ನತ ಶಿಕ್ಷಣ ಈ ರಾಜ್ಯದಲ್ಲಿ ಬೆಳೆದುಬಂದ ಬಗೆಯೇ ಅವರಿಗೆ ಆ ಪದವನ್ನು ಕಲಿಸಿದೆ. ಕಾಲೇಜು ಶಿಕ್ಷಣ ಅದಕ್ಕೆ ತೆರುವ ಬೆಲೆಗೆ ತಕ್ಕುದೇ ಎಂದು ಕೇಳುವಾಗ ಶಿಕ್ಷಣ ಮತ್ತು ಶಿಕ್ಷಣದ ಬಾಗಿಲಲ್ಲಿ ಬಿಕರಿಯಾಗುವ ಪ್ರವೇಶ ಎಂಬ ಎರಡು ಬೇರೆ ವಸ್ತುಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಒಂದೇ ಬೆಂಚಿನಲ್ಲಿ ಕುಳಿತು, ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆದು, ಒಂದೇ ವಿಶ್ವವಿದ್ಯಾಲಯದ ಪದವಿ ಪಡೆಯುವ ಮೂವರು ವಿದ್ಯಾರ್ಥಿಗಳು ಮೂರು ಬೇರೆ ಬೇರೆ ಬೆಲೆ ತೆತ್ತಿರುವ ವ್ಯವಸ್ಥೆಯಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ ಇರಲಾರದು.

ಓದಿನ ಖರ್ಚನ್ನು ಯಾರು ಹೊರಬೇಕು ಎಂಬುದಕ್ಕೆ ಕನ್ನಡ ನಾಡಿನಲ್ಲಿ ಹಿಂದೆ ಬೇರೆಯೇ ಉತ್ತರಗಳಿದ್ದವು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅರಸರ ಬೊಕ್ಕಸದ ಬಲದಿಂದ ಆರಂಭವಾಯಿತು. ಅದೇ ವರ್ಷ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಮರುವರ್ಷ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯಿತು. ಶುಲ್ಕಕ್ಕಿಂತ ದೊಡ್ಡ ಖರ್ಚು ಆಗ ಊಟ ಮತ್ತು ವಸತಿಯದ್ದಾಗಿತ್ತು, ಅದನ್ನು ಸಮಾಜ ತನ್ನ ಮೇಲೆ ಹಾಕಿಕೊಂಡಿತ್ತು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಬಡ ವಿದ್ಯಾರ್ಥಿಗೆ ಊಟ ಹಾಕುವ ವಾರಾನ್ನದ ಪದ್ಧತಿ, ತುಮಕೂರಿನ ಸಿದ್ಧಗಂಗೆಯಂತಹ ಮಠಗಳ ಉಚಿತ ದಾಸೋಹ, ಜಾತಿ ಸಮುದಾಯಗಳು ಪಟ್ಟಣಗಳಲ್ಲಿ ಕಟ್ಟಿಸಿದ ವಿದ್ಯಾರ್ಥಿನಿಲಯಗಳು, ಇವೆಲ್ಲವೂ ಸೇರಿ ಹಳ್ಳಿಯ ಹುಡುಗನೊಬ್ಬ ಕೈಯಲ್ಲಿ ಕಾಸಿಲ್ಲದೆ ಪದವೀಧರನಾಗುವುದನ್ನು ಸಾಧ್ಯವಾಗಿಸಿದವು. ಆ ಕಾಲವನ್ನು ಹೊಗಳುವಾಗ ಅದರ ಮಿತಿಯನ್ನು ಮರೆಯಬಾರದು: ವಾರಾನ್ನದ ಬಾಗಿಲು ಎಲ್ಲ ಜಾತಿಗಳಿಗೂ ತೆರೆದಿರಲಿಲ್ಲ, ಹೆಣ್ಣುಮಕ್ಕಳಿಗಂತೂ ಆ ಪದ್ಧತಿಯಲ್ಲಿ ಸ್ಥಳವೇ ಇರಲಿಲ್ಲ. ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ಮಕ್ಕಳಿಗಾಗಿ ಸರಕಾರವೇ ನಡೆಸುವ ವಿದ್ಯಾರ್ಥಿನಿಲಯಗಳು, ಮುಖ್ಯವಾಗಿ 1970ರ ದಶಕದ ದೇವರಾಜ ಅರಸು ಅವರ ಆಡಳಿತದಿಂದೀಚೆಗೆ ವಿಸ್ತಾರವಾಗಿ ಹರಡಿದ ಬಳಿಕವೇ ಆ ಕೊರತೆ ಸ್ವಲ್ಪ ಮಟ್ಟಿಗೆ ತುಂಬಿತು. ಆದರೂ ಈ ಎಲ್ಲ ಏರ್ಪಾಡುಗಳ ಹಿಂದೆ ಒಂದು ಸಮಾನ ತಿಳಿವಳಿಕೆ ಇತ್ತು: ಓದುವ ಹುಡುಗನ ಖರ್ಚು ಅವನ ತಂದೆಯೊಬ್ಬನ ಹೊರೆಯಲ್ಲ, ಏಕೆಂದರೆ ಓದಿನ ಫಲವೂ ಆ ಮನೆಯೊಂದಕ್ಕೇ ಸೇರುವುದಿಲ್ಲ.

ಈ ಹೊರೆ ಸಮಾಜದ ಹೆಗಲಿನಿಂದ ಮನೆಯ ಹೆಗಲಿಗೆ ಜಾರಿದ ಕಥೆಯಲ್ಲಿ ಕರ್ನಾಟಕಕ್ಕೆ ದೇಶದಲ್ಲಿಯೇ ಪ್ರಮುಖ ಸ್ಥಾನವಿದೆ. ಖಾಸಗಿ ಪ್ರಯತ್ನದಿಂದ ತಾಂತ್ರಿಕ ಮತ್ತು ವೈದ್ಯಕೀಯ ಕಾಲೇಜುಗಳನ್ನು ಕಟ್ಟುವ ಸಾಹಸ ಇಲ್ಲಿ ಬೇಗನೆ ಆರಂಭವಾಯಿತು, ಬೆಂಗಳೂರಿನಲ್ಲಿ ಬಿ.ಎಂ. ಶ್ರೀನಿವಾಸಯ್ಯನವರು 1946ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನೂ, ಮಣಿಪಾಲದಲ್ಲಿ ಟಿ.ಎಂ.ಎ. ಪೈ ಅವರು 1953ರಲ್ಲಿ ವೈದ್ಯಕೀಯ ಕಾಲೇಜನ್ನೂ ಸ್ಥಾಪಿಸಿದರು. ಸರಕಾರದ ಬಳಿ ಹಣವಿಲ್ಲದ ದಿನಗಳಲ್ಲಿ ಇಂತಹ ಸಂಸ್ಥೆಗಳು ನಾಡಿಗೆ ಎಂಜಿನಿಯರುಗಳನ್ನೂ ವೈದ್ಯರನ್ನೂ ಕೊಟ್ಟವು ಎಂಬುದು ನಿಜ. ಆದರೆ 1970 ಮತ್ತು 80ರ ದಶಕಗಳಲ್ಲಿ ಕಾಲೇಜುಗಳ ಸಂಖ್ಯೆ ಬೆಳೆದಂತೆ 'ಡೊನೇಷನ್' ಎಂಬ ಪದ ಕನ್ನಡದಲ್ಲಿ ಹೊಸ ಅರ್ಥ ಪಡೆಯಿತು. ಹಿಂದಿನ ತಲೆಮಾರಿನಲ್ಲಿ ಇದ್ದವರು ಇಲ್ಲದವರ ಓದಿಗೆ ಕೊಟ್ಟದ್ದು ದಾನವಾಗಿದ್ದರೆ, ಈಗ ಓದಬೇಕಾದವರು ಸಂಸ್ಥೆಗೆ ಕಟ್ಟಬೇಕಾದ ಹಣಕ್ಕೆ ಆ ಹೆಸರು ಬಂದಿತು. ಕಾನೂನಿನ ಭಾಷೆಯಲ್ಲಿ ಇದನ್ನು ಕ್ಯಾಪಿಟೇಷನ್ ಶುಲ್ಕ ಎನ್ನುತ್ತಾರೆ. ನಿಗದಿಯಾದ ಶುಲ್ಕವನ್ನು ಮೀರಿ, ಪ್ರವೇಶ ಕೊಡುವುದಕ್ಕೆಂದೇ ಪಡೆಯುವ ಹಣವೆಂದು ಅದರ ಅರ್ಥ. ರಾಜ್ಯವು 1984ರಲ್ಲಿಯೇ ಅದನ್ನು ನಿಷೇಧಿಸಿ ಶಾಸನ ಮಾಡಿತು. ಆದರೆ 1989ರಲ್ಲಿ ಹೊರಟ ಸರಕಾರಿ ಅಧಿಸೂಚನೆಯೊಂದು ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000 ರೂಪಾಯಿ, ಹೊರರಾಜ್ಯದವರಿಗೆ 60,000 ರೂಪಾಯಿ ಎಂದು ಗೊತ್ತುಪಡಿಸಿತು. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ, ಶಾಸನದ ಹೆಸರಿನಲ್ಲಿ ಪಡೆದರೂ ಇಂತಹ ಹಣ ಕ್ಯಾಪಿಟೇಷನ್ ಶುಲ್ಕವೇ ಆಗುತ್ತದೆ, ಶಿಕ್ಷಣವನ್ನು ಹಣವಂತರಿಗೆ ಮಾರುವುದು ಸಂವಿಧಾನದ ಸಮಾನತೆಯ ತತ್ವಕ್ಕೆ ವಿರುದ್ಧ ಎಂದು ತೀರ್ಪಿತ್ತಿತು.

ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಒಂದು ಮಧ್ಯಮಾರ್ಗವನ್ನು ರೂಪಿಸಿ, ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಅರ್ಧದಷ್ಟು ಸೀಟುಗಳನ್ನು ಸರಕಾರಿ ಶುಲ್ಕಕ್ಕೂ ಉಳಿದರ್ಧವನ್ನು ಹೆಚ್ಚಿನ ಶುಲ್ಕಕ್ಕೂ, ಎರಡನ್ನೂ ಅರ್ಹತೆಯ ಆಧಾರದ ಮೇಲೆ ಹಂಚಬೇಕೆಂದು ಹೇಳಿತು. 'ಫ್ರೀ ಸೀಟು', 'ಪೇಮೆಂಟ್ ಸೀಟು' ಎಂಬ ಮಾತುಗಳು ಕನ್ನಡಿಗರ ಬಾಯಲ್ಲಿ ನೆಲೆಯಾದದ್ದು ಆಗ. 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಆರಂಭವಾದದ್ದೂ ಅದರ ಬೆನ್ನಿಗೇ. ಅದೇ ದಶಕದಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮ ಬೆಳೆಯಿತು, ಮತ್ತು ಕೆಲವೇ ಸಾವಿರ ರೂಪಾಯಿ ಶುಲ್ಕ ಕಟ್ಟಿ ಓದಿದ ರೈತರ, ಶಾಲಾ ಮೇಷ್ಟರ, ಗುಮಾಸ್ತರ ಮಕ್ಕಳು ಅದರೊಳಗೆ ಹೋದರು. 'ಎಂಜಿನಿಯರಿಂಗ್ ಓದಿಸಿದರೆ ಮನೆ ಉದ್ಧಾರವಾಗುತ್ತದೆ' ಎಂಬ ಇಂದಿನ ನಂಬಿಕೆ ಆ ವರ್ಷಗಳ ಅನುಭವದಿಂದ ಹುಟ್ಟಿದ್ದು, ಅದು ಹುಸಿ ನಂಬಿಕೆಯಾಗಿರಲಿಲ್ಲ. ಕಡಿಮೆ ಬೆಲೆಯ ಸೀಟು ಮತ್ತು ಏರುತ್ತಿದ್ದ ಸಂಬಳ ಒಂದೇ ಕಾಲಕ್ಕೆ ಕೂಡಿಬಂದದ್ದು ಅದರ ಕಾರಣ. ಆ ಕೂಡಿಕೆ ಕಳಚಿಹೋದ ಮೇಲೂ ನಂಬಿಕೆ ಮಾತ್ರ ಉಳಿದಿದೆ ಎಂಬುದೇ ಇಂದಿನ ಸಂಕಟದ ಬೇರು.

2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಉನ್ನಿಕೃಷ್ಣನ್ ಯೋಜನೆಯನ್ನು ಕೈಬಿಟ್ಟಿತು. ಲಾಭಕೋರತನ ಕೂಡದು, ಆದರೆ ಸಂಸ್ಥೆಯ ಬೆಳವಣಿಗೆಗೆ ಬೇಕಾದ ಹಿತಮಿತ ಮಿಗತೆಯನ್ನು ಶುಲ್ಕದಿಂದ ಗಳಿಸಬಹುದು ಎಂದಿತು. ಖಾಸಗಿ ಕಾಲೇಜುಗಳ ಒಕ್ಕೂಟ ತನ್ನದೇ ಪ್ರವೇಶ ಪರೀಕ್ಷೆಯಾದ ಕಾಮೆಡ್‌-ಕೆಯನ್ನು ಆರಂಭಿಸಿತು. ಇಂದು ಅಲ್ಪಸಂಖ್ಯಾತರಲ್ಲದ ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ನೂರು ಸೀಟುಗಳಲ್ಲಿ ಸಾಮಾನ್ಯವಾಗಿ 45 ಸಿಇಟಿಯ ಮೂಲಕವೂ, 30 ಕಾಮೆಡ್‌-ಕೆಯ ಮೂಲಕವೂ, 25 ಆಡಳಿತ ಮಂಡಳಿಯ ಕೋಟಾದಲ್ಲಿಯೂ ತುಂಬುತ್ತವೆ. ಮೊದಲನೆಯದರ ವಾರ್ಷಿಕ ಶುಲ್ಕ ಒಂದು ಲಕ್ಷ ರೂಪಾಯಿಯ ಆಸುಪಾಸಿನಲ್ಲಿದ್ದರೆ, ಎರಡನೆಯದರದ್ದು ಹೆಸರಾಂತ ಕಾಲೇಜುಗಳಲ್ಲಿ ಎರಡರಿಂದ ಮೂರು ಲಕ್ಷದೊಳಗೆ ಇರುತ್ತದೆ. ಮೂರನೆಯದು ಕಾಲೇಜಿನ ಹೆಸರನ್ನೂ ಬ್ರಾಂಚಿನ ಬೇಡಿಕೆಯನ್ನೂ ಅವಲಂಬಿಸಿ ಎಷ್ಟಕ್ಕೆ ಬೇಕಾದರೂ ಏರುತ್ತದೆ. ತರಗತಿಯ ಪಾಠ ಮೂರಕ್ಕೂ ಒಂದೇ.

ಈ ಬೆಲೆಗಳನ್ನು ಅಳೆಯಲು ಅರ್ಥಶಾಸ್ತ್ರದ ಒಂದು ಪರಿಕಲ್ಪನೆ ಅಗತ್ಯ. ಕಾಲೇಜಿನ ಖರ್ಚೆಂದರೆ ಶುಲ್ಕ, ಪುಸ್ತಕ, ಹಾಸ್ಟೆಲು, ಪ್ರಯಾಣ ಎಂದಷ್ಟೇ ಜನ ಎಣಿಸುತ್ತಾರೆ. ಆದರೆ ಓದುವ ವರ್ಷಗಳಲ್ಲಿ ದುಡಿದಿದ್ದರೆ ಬರಬಹುದಾಗಿದ್ದ ಸಂಬಳವೂ ಕೈತಪ್ಪುತ್ತದೆ, ಅದನ್ನು ಅವಕಾಶ ವೆಚ್ಚ ಎನ್ನುತ್ತಾರೆ. ತಿಂಗಳಿಗೆ 15,000 ರೂಪಾಯಿ ದುಡಿಯಬಲ್ಲ ಯುವಕ ನಾಲ್ಕು ವರ್ಷ ಓದಿದರೆ 7 ಲಕ್ಷ 20 ಸಾವಿರ ರೂಪಾಯಿಯ ಗಳಿಕೆಯನ್ನು ಬಿಟ್ಟುಕೊಟ್ಟಂತಾಯಿತು. ಅವನಿಗೆ ಶುಲ್ಕ ಪೂರ್ತಿ ಮನ್ನಾ ಆದರೂ ಓದು ಉಚಿತವಾಗುವುದಿಲ್ಲ. ಉಳ್ಳವರ ಮನೆಯಲ್ಲಿ ಈ ಮೊತ್ತ ಯಾರಿಗೂ ಕಾಣುವುದಿಲ್ಲ. ಕೂಲಿ ಮಾಡುವ ಮನೆಯಲ್ಲಿ ಅದು ಪ್ರತಿ ತಿಂಗಳೂ ಕಾಣುತ್ತದೆ, ಮತ್ತು ಶುಲ್ಕವಿನಾಯಿತಿ ಇದ್ದರೂ ಮಕ್ಕಳು ಎರಡನೆಯ ವರ್ಷಕ್ಕೆ ಕಾಲೇಜು ಬಿಡುವುದೇಕೆ ಎಂಬುದಕ್ಕೆ ಬಹುಪಾಲು ವಿವರಣೆ ಅಲ್ಲಿಯೇ ಸಿಗುತ್ತದೆ.

ಸಾಲದ ಲೆಕ್ಕವನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. ಬ್ಯಾಂಕುಗಳ ಶಿಕ್ಷಣ ಸಾಲದಲ್ಲಿ ಓದಿನ ಅವಧಿ ಮತ್ತು ಅದರ ನಂತರದ ಸುಮಾರು ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ, ಆದರೆ ಆ ಅವಧಿಯಲ್ಲಿಯೂ ಬಡ್ಡಿ ಏರುತ್ತಲೇ ಇರುತ್ತದೆ. ವರ್ಷಕ್ಕೆ ಎರಡೂವರೆ ಲಕ್ಷದಂತೆ ನಾಲ್ಕು ವರ್ಷ, ಶೇಕಡ 10ರ ಬಡ್ಡಿಗೆ, ಒಟ್ಟು 10 ಲಕ್ಷ ಸಾಲ ಪಡೆದರೆ, ಮೊದಲ ಕಂತು ಕಟ್ಟುವ ಹೊತ್ತಿಗೆ ಸರಳ ಬಡ್ಡಿಯೇ ಮೂರೂವರೆ ಲಕ್ಷವಾಗಿ ಬಾಕಿ 13 ಲಕ್ಷ 50 ಸಾವಿರಕ್ಕೆ ಮುಟ್ಟಿರುತ್ತದೆ. ಅದನ್ನು ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 17,800 ರೂಪಾಯಿ ಕಟ್ಟಬೇಕು. ಸಿಇಟಿ ಸೀಟಿನಲ್ಲಿ ವರ್ಷಕ್ಕೆ ಒಂದು ಲಕ್ಷದಂತೆ ಸಾಲ ಮಾಡಿದವನ ಕಂತು ಇದೇ ಲೆಕ್ಕದಲ್ಲಿ 7,100 ರೂಪಾಯಿಯ ಸಮೀಪ ಬರುತ್ತದೆ. ಇಬ್ಬರೂ ಒಂದೇ ಕ್ಯಾಂಪಸ್ ಸಂದರ್ಶನದಲ್ಲಿ ಒಂದೇ ಕಂಪನಿಗೆ, ದೊಡ್ಡ ಐಟಿ ಕಂಪನಿಗಳು ಹೊಸಬರಿಗೆ ಸಾಮಾನ್ಯವಾಗಿ ಕೊಡುವ ಮೂರರಿಂದ ಮೂರೂವರೆ ಲಕ್ಷದ ವಾರ್ಷಿಕ ಸಂಬಳಕ್ಕೆ ಸೇರಿದರು ಎಂದಿಟ್ಟುಕೊಂಡರೆ, ಕಡಿತಗಳೆಲ್ಲ ಕಳೆದು ಕೈಗೆ ಬರುವ ಇಪ್ಪತ್ತೈದು ಸಾವಿರದ ಆಸುಪಾಸಿನ ಮೊತ್ತದಲ್ಲಿ ಒಬ್ಬನಿಗೆ ಬೆಂಗಳೂರಿನ ಪಿಜಿ ಬಾಡಿಗೆಯೂ ಊಟವೂ ನಡೆಯುತ್ತದೆ, ಮನೆಗೆ ಸ್ವಲ್ಪ ಹಣವೂ ಹೋಗುತ್ತದೆ. ಇನ್ನೊಬ್ಬನಿಗೆ ಏಳು ಸಾವಿರದಲ್ಲಿ ತಿಂಗಳು ಕಳೆಯಬೇಕಾಗುತ್ತದೆ, ಅಂದರೆ ಮಗ ಕೆಲಸಕ್ಕೆ ಸೇರಿದ ಮೇಲೂ ಊರಿನ ತಂದೆ ಅವನಿಗೆ ದುಡ್ಡು ಕಳಿಸುತ್ತಿರಬೇಕಾಗುತ್ತದೆ. ಪದವಿ ಒಂದೇ, ಕೆಲಸ ಒಂದೇ. ಬೆಲೆಗೆ ತಕ್ಕುದೇ ಎಂಬ ಪ್ರಶ್ನೆಗೆ ಇಬ್ಬರ ಉತ್ತರ ಬೇರೆ.

ಏಳೂವರೆ ಲಕ್ಷ ರೂಪಾಯಿಯವರೆಗಿನ ಸಾಲಕ್ಕೆ ಆಸ್ತಿಯ ಆಧಾರ ಕೇಳಬಾರದೆಂಬ ನಿಯಮವಿದೆ. ಅದನ್ನು ಮೀರಿದರೆ ಮನೆ ಅಥವಾ ನಿವೇಶನದ ಕಾಗದಪತ್ರ ಒಪ್ಪಿಸಬೇಕಾಗುತ್ತದೆ. ನಾಲ್ಕೂವರೆ ಲಕ್ಷದೊಳಗಿನ ವಾರ್ಷಿಕ ಆದಾಯದ ಕುಟುಂಬಗಳ ಮಕ್ಕಳು ವೃತ್ತಿಪರ ಕೋರ್ಸು ಓದಿದರೆ ವಿರಾಮದ ಅವಧಿಯ ಬಡ್ಡಿಯನ್ನು ಕೇಂದ್ರ ಸರಕಾರ ಭರಿಸುವ ಯೋಜನೆಯಿದೆ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ, ಎಂಟು ಲಕ್ಷದವರೆಗಿನ ಆದಾಯದವರಿಗೆ ಆಯ್ದ ಉತ್ತಮ ಸಂಸ್ಥೆಗಳಲ್ಲಿ ಓದಲು ಶೇಕಡ 3ರ ಬಡ್ಡಿ ರಿಯಾಯಿತಿ ಕೊಡುತ್ತದೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಸ್‌ಎನ್‌ಕ್ಯೂ ಎಂದು ಕರೆಯುವ, ಮಂಜೂರಾದ ಸೀಟುಗಳ ಮೇಲೆ ಶೇಕಡ 5ರಷ್ಟು ಹೆಚ್ಚುವರಿಯಾಗಿ ಇರುವ ಸೀಟುಗಳಿಗೆ ಬೋಧನಾ ಶುಲ್ಕ ಮನ್ನಾ ಇದೆ. ಇವುಗಳನ್ನು ಬಲ್ಲವರಿಗೆ ಇವು ದೊಡ್ಡ ನೆರವು. ಆದರೆ ಇವುಗಳ ಅಗತ್ಯ ಹೆಚ್ಚಾಗಿರುವ ಮನೆಗಳಿಗೇ, ಅಂದರೆ ಮೊದಲ ತಲೆಮಾರಿಗೆ ಕಾಲೇಜು ಮೆಟ್ಟಿಲು ಹತ್ತುವ ಮನೆಗಳಿಗೇ, ಇವುಗಳ ಸುಳಿವು ತಡವಾಗಿ ತಲುಪುತ್ತದೆ. ಅಷ್ಟರಲ್ಲಿ ತಾಯಿಯ ಒಡವೆ ಗಿರವಿಗೆ ಹೋಗಿರುತ್ತದೆ.

ಪ್ರತಿಫಲದ ಕಡೆಗೆ ಬಂದರೆ, ಪದವಿಗೆ ಸಂಬಳ ಏಕೆ ಹೆಚ್ಚು ಎಂಬುದಕ್ಕೆ ಅರ್ಥಶಾಸ್ತ್ರಜ್ಞರು ಎರಡು ವಿವರಣೆಗಳನ್ನು ಕೊಟ್ಟಿದ್ದಾರೆ. ಥಿಯೊಡರ್ ಶುಲ್ಟ್ಸ್ ಮತ್ತು ಗ್ಯಾರಿ ಬೆಕರ್ 1960ರ ದಶಕದಲ್ಲಿ ಬೆಳೆಸಿದ ಮಾನವ ಬಂಡವಾಳದ ಸಿದ್ಧಾಂತದ ಪ್ರಕಾರ, ಹೊಲಕ್ಕೆ ಬಾವಿ ತೋಡಿಸಿದರೆ ಇಳುವರಿ ಹೆಚ್ಚುವಂತೆ ಓದು ಮನುಷ್ಯನ ದುಡಿಮೆಯ ಶಕ್ತಿಯನ್ನು ಹೆಚ್ಚಿಸುತ್ತದೆ, ಆ ಹೆಚ್ಚಳಕ್ಕೆ ಸಂಬಳ ಸಿಗುತ್ತದೆ. 1973ರಲ್ಲಿ ಮೈಕೆಲ್ ಸ್ಪೆನ್ಸ್ ಮುಂದಿಟ್ಟ ಸಂಕೇತ ಸಿದ್ಧಾಂತ ಹೇಳುವುದೇ ಬೇರೆ: ಕೆಲಸ ಕೊಡುವವನಿಗೆ ಅಭ್ಯರ್ಥಿಯ ಒಳಗಿನ ಸಾಮರ್ಥ್ಯ ಕಾಣುವುದಿಲ್ಲ, ಆದ್ದರಿಂದ ಕಷ್ಟಪಟ್ಟು ಪದವಿ ಪಡೆದವನು ಸಮರ್ಥನೂ ಶಿಸ್ತಿನವನೂ ಇರಬೇಕೆಂದು ಅವನು ಊಹಿಸುತ್ತಾನೆ, ಪದವಿಯಲ್ಲಿ ಏನು ಕಲಿತದ್ದು ಎಂಬುದಕ್ಕಿಂತ ಪದವಿ ದಕ್ಕಿಸಿಕೊಂಡದ್ದೇ ಮುಖ್ಯವಾಗುತ್ತದೆ. ಮೂವರಿಗೂ ಬೇರೆ ಬೇರೆ ವರ್ಷಗಳಲ್ಲಿ ನೊಬೆಲ್ ಪ್ರಶಸ್ತಿ ಬಂದಿದೆ, ಮತ್ತು ಎರಡು ವಿವರಣೆಗಳಲ್ಲಿಯೂ ಸತ್ಯವಿದೆ. ಆದರೆ ಎರಡನೆಯದರಿಂದ ಹೊರಡುವ ಒಂದು ಪರಿಣಾಮ ಕರ್ನಾಟಕಕ್ಕೆ ಬಹಳ ಮುಖ್ಯ: ಸಂಕೇತವೊಂದು ಎಲ್ಲರ ಕೈಗೂ ಬಂದಾಗ ಅದು ಸಂಕೇತವಾಗಿ ಉಳಿಯುವುದಿಲ್ಲ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2021-22ರಲ್ಲಿ 18ರಿಂದ 23ರ ವಯೋಮಾನದ ಪ್ರತಿ ಲಕ್ಷ ಜನಕ್ಕೆ ಕರ್ನಾಟಕದಲ್ಲಿ 66 ಕಾಲೇಜುಗಳಿದ್ದವು, ದೇಶದ ದೊಡ್ಡ ರಾಜ್ಯಗಳಲ್ಲಿ ಇದೇ ಅತಿ ಹೆಚ್ಚು; ಆ ವಯಸ್ಸಿನವರ ಸಂಖ್ಯೆಗೆ ಕಾಲೇಜು ಸೇರಿದವರನ್ನು ಹೋಲಿಸುವ ಒಟ್ಟು ದಾಖಲಾತಿ ಅನುಪಾತ ಇಡೀ ದೇಶದಲ್ಲಿ ಶೇಕಡ 28ರ ಆಸುಪಾಸಿನಲ್ಲಿದ್ದಾಗ ಇಲ್ಲಿ 36ರಷ್ಟಿತ್ತು. ಇದು ಹೆಮ್ಮೆಯ ವಿಷಯವೇ ಸರಿ. ಆದರೆ ಒಂದು ಕಾಲದಲ್ಲಿ ಬಿ.ಎ. ಪದವಿ ತೆರೆಯುತ್ತಿದ್ದ ಬಾಗಿಲಿಗೆ ಈಗ ಎಂ.ಎ. ಮತ್ತು ಬಿ.ಇಡ್. ಎರಡೂ ಬೇಕಾಗಿರುವುದಕ್ಕೆ ಇದೇ ಹಿನ್ನೆಲೆ. ತಡವಾಗಿ ಕೈಗಾರಿಕೆ ಬೆಳೆಸಿದ ದೇಶಗಳಲ್ಲಿ ಈ ಪದವಿ ಉಬ್ಬರ ಹೆಚ್ಚು ತೀವ್ರವಾಗಿರುತ್ತದೆ ಎಂದು ಬ್ರಿಟಿಷ್ ಸಮಾಜಶಾಸ್ತ್ರಜ್ಞ ರೊನಾಲ್ಡ್ ಡೋರ್ 1976ರಲ್ಲಿಯೇ ಎಚ್ಚರಿಸಿದ್ದರು.

ನಿರುದ್ಯೋಗದ ಅಂಕಿಗಳನ್ನು ಓದುವಾಗ ಜನ ಹೆಚ್ಚಾಗಿ ಎಡವುತ್ತಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಮಾನವ ಅಭಿವೃದ್ಧಿ ಸಂಸ್ಥೆ ಜಂಟಿಯಾಗಿ 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಯುವಜನರ ನಿರುದ್ಯೋಗ ಪ್ರಮಾಣ ಓದುಬರಹ ಬಾರದವರಲ್ಲಿ ಶೇಕಡ 3.4 ಇದ್ದರೆ ಪದವೀಧರರಲ್ಲಿ 29.1 ಇತ್ತು. ಓದಿದಷ್ಟೂ ಕೆಲಸ ದೂರವಾಗುತ್ತದೆ ಎಂದು ಇದರಿಂದ ತೀರ್ಮಾನಿಸುವವರು ನಿರುದ್ಯೋಗಿ ಎಂಬ ಪದದ ಅರ್ಥವನ್ನು ಗಮನಿಸುವುದಿಲ್ಲ. ಕೆಲಸ ಹುಡುಕುತ್ತಿದ್ದೂ ಸಿಗದವರು ಮಾತ್ರ ಆ ಲೆಕ್ಕಕ್ಕೆ ಬರುತ್ತಾರೆ. ಅಕ್ಷರ ಬಾರದ ಕೂಲಿಕಾರನಿಗೆ ಹುಡುಕುತ್ತಾ ಕೂರುವ ಅನುಕೂಲವೇ ಇಲ್ಲ, ಸಿಕ್ಕ ಕೂಲಿಗೆ ಅವನು ಅಂದೇ ಹೋಗುತ್ತಾನೆ. ಪದವೀಧರ ಕಾಯುತ್ತಾನೆ, ಏಕೆಂದರೆ ಓದಿಗೆ ತಕ್ಕ ಕೆಲಸ ಸಿಗಬೇಕೆಂಬ ಆಸೆ ಅವನಿಗೂ ಮನೆಯವರಿಗೂ ಇದೆ, ಕಾಯಿಸುವಷ್ಟು ತ್ರಾಣವನ್ನು ಮನೆಯವರು ಹೇಗೋ ಹೊಂದಿಸಿಕೊಂಡಿದ್ದಾರೆ. ಆದ್ದರಿಂದ ಆ 29.1 ಎಂಬ ಅಂಕಿ ಪದವಿಯ ನಿರರ್ಥಕತೆಯನ್ನು ಹೇಳುವುದಿಲ್ಲ. ಪದವಿಯ ಒಟ್ಟು ಬೆಲೆಗೆ ಕಾಯುವಿಕೆಯ ವರ್ಷಗಳನ್ನೂ ಸೇರಿಸಬೇಕೆಂದು ಹೇಳುತ್ತದೆ. ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡುವ ಯುವನಿಧಿ ಯೋಜನೆಯನ್ನು 2024ರ ಜನವರಿಯಲ್ಲಿ ಜಾರಿಗೆ ತಂದ ರಾಜ್ಯ ಸರಕಾರ ಈ ಸತ್ಯವನ್ನು ಅಧಿಕೃತವಾಗಿ ಒಪ್ಪಿಕೊಂಡಂತಾಗಿದೆ.

ಕಾಯುವಿಕೆಯ ಈ ಬೆಲೆಯನ್ನು ಕಣ್ಣಾರೆ ಕಾಣಬೇಕಾದರೆ ಧಾರವಾಡಕ್ಕೆ ಹೋಗಬೇಕು. ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದ ಸಾವಿರಾರು ಪದವೀಧರರು ಅಲ್ಲಿನ ಬಾಡಿಗೆ ಕೋಣೆಗಳಲ್ಲಿ ಮೂರು ನಾಲ್ಕು ಮಂದಿಯಾಗಿ ನೆಲೆಸಿ, ಕೋಚಿಂಗ್ ಕೇಂದ್ರ ಮತ್ತು ಗ್ರಂಥಾಲಯಗಳ ನಡುವೆ ಓಡಾಡುತ್ತ, ಎಫ್‌ಡಿಎ, ಪಿಡಿಒ, ಪಿಎಸ್‌ಐ, ಕೆಎಎಸ್ ಹುದ್ದೆಗಳಿಗೆ ಓದುತ್ತಾರೆ. ಊರಿನಲ್ಲಿ ಅವರ ಪದವಿಯ ಖರ್ಚು ಮುಗಿದು ಎಷ್ಟೋ ಕಾಲವಾಗಿದ್ದರೂ ನಿಜವಾಗಿ ಅದು ಇನ್ನೂ ನಡೆಯುತ್ತಲೇ ಇರುತ್ತದೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ, ಅಕ್ರಮ ಬಯಲಾಗಿ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದ ಅಭ್ಯರ್ಥಿಯ ಬದುಕಿನ ಎರಡು ವರ್ಷಕ್ಕೂ ಹೆಚ್ಚು ಕಾಲ ಹೀಗೆ ಕರಗಿಹೋಯಿತು, ಮತ್ತು ಆ ನಷ್ಟವನ್ನು ಯಾವ ಬಜೆಟ್ಟಿನ ಪುಟದಲ್ಲಿಯೂ ಯಾರೂ ಬರೆಯಲಿಲ್ಲ. ಸರಕಾರವೊಂದು ನೇಮಕಾತಿಯನ್ನು ನಿಯಮಿತವಾಗಿ, ಶುದ್ಧವಾಗಿ ನಡೆಸಿದರೆ ಯಾವ ಕಾಲೇಜಿನ ಶುಲ್ಕವನ್ನೂ ಇಳಿಸದೆಯೇ ಪದವಿಯ ಬೆಲೆ ಇಳಿಯುತ್ತದೆ ಎಂಬುದು ಉನ್ನತ ಶಿಕ್ಷಣದ ಚರ್ಚೆಗಳಲ್ಲಿ ಅಪರೂಪಕ್ಕೂ ಕೇಳಿಬರುವುದಿಲ್ಲ.

ಎಂಜಿನಿಯರಿಂಗ್ ಪದವಿಯ ಪ್ರತಿಫಲ ಕುಗ್ಗಿರುವುದಕ್ಕೆ ಇನ್ನೊಂದು ಸರಳ ಸಾಕ್ಷ್ಯವಿದೆ. ದೊಡ್ಡ ಐಟಿ ಕಂಪನಿಗಳ ಹೊಸಬರ ಸಂಬಳ ಹತ್ತು ಹನ್ನೆರಡು ವರ್ಷಗಳಿಂದ ಹೆಚ್ಚುಕಡಿಮೆ ಇದ್ದಲ್ಲಿಯೇ ಇದೆ, ಆದರೆ 2012ನ್ನು 100 ಎಂದಿಟ್ಟುಕೊಂಡ ಗ್ರಾಹಕ ಬೆಲೆ ಸೂಚ್ಯಂಕ 2024ರ ಕೊನೆಯ ಹೊತ್ತಿಗೆ 190ನ್ನು ದಾಟಿತ್ತು. ಅಂದರೆ ಅದೇ ಸಂಬಳದಿಂದ ಕೊಳ್ಳಬಹುದಾದ ಅಕ್ಕಿ, ಬಾಡಿಗೆ, ಬಸ್ ಟಿಕೆಟ್ಟುಗಳ ಪ್ರಮಾಣ ಅರ್ಧಕ್ಕೆ ಹತ್ತಿರವಾಗಿದೆ, ಶುಲ್ಕ ಮಾತ್ರ ವರ್ಷವರ್ಷವೂ ಏರಿದೆ. ಇಷ್ಟಾದರೂ ಕಂಪ್ಯೂಟರ್ ಸೈನ್ಸ್ ಸೀಟಿನ ನೂಕುನುಗ್ಗಲು ತಗ್ಗಿಲ್ಲ. ಒಂದು ಬ್ರಾಂಚಿಗೆ ಇಷ್ಟೇ ಸೀಟು ಎಂದಿದ್ದ ಮಿತಿಯನ್ನು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2024-25ರಿಂದ ತೆಗೆದುಹಾಕಿದ ಮೇಲೆ, ಬೆಂಗಳೂರಿನ ಬೇಡಿಕೆಯುಳ್ಳ ಕಾಲೇಜುಗಳು ಆ ಸೀಟುಗಳನ್ನು ಹೆಚ್ಚಿಸಿಕೊಂಡವು; ಜಿಲ್ಲಾ ಕೇಂದ್ರಗಳ ಕಾಲೇಜುಗಳಲ್ಲಿ ಸಿವಿಲ್ ಮತ್ತು ಮೆಕ್ಯಾನಿಕಲ್ ತರಗತಿಗಳು ಖಾಲಿ ಉಳಿಯುತ್ತಿವೆ. ಎಲ್ಲರೂ ಒಂದೇ ಕಡೆಗೆ ಓಡಿದಾಗ ಮುಟ್ಟುವ ಜಾಗದಲ್ಲಿ ಉಳಿಯುವುದು ಕಡಿಮೆ ಎಂಬುದನ್ನು ಅಡಿಕೆ ಬೆಳೆಗಾರರಿಗೂ ಟೊಮೆಟೊ ಬೆಳೆಗಾರರಿಗೂ ಯಾರೂ ಹೇಳಿಕೊಡಬೇಕಾಗಿಲ್ಲ. ವ್ಯತ್ಯಾಸವೆಂದರೆ ಟೊಮೆಟೊ ಮೂರು ತಿಂಗಳ ಬೆಳೆ, ಪದವಿ ನಾಲ್ಕು ವರ್ಷದ್ದು.

ಹಾಗಾದರೆ ಕಾಲೇಜು ಬೇಡವೇ? ಈ ಲೆಕ್ಕವನ್ನು ಸಂಬಳದಲ್ಲಿಯೇ ನಿಲ್ಲಿಸಿದವರು ಹಾಗೆ ಹೇಳಿಯಾರು. ತಾಲ್ಲೂಕು ಕೇಂದ್ರದ ಸರಕಾರಿ ಪ್ರಥಮದರ್ಜೆ ಕಾಲೇಜಿನಲ್ಲಿ ಬಿ.ಎ. ಅಥವಾ ಬಿ.ಕಾಂ. ಓದುವ ಹುಡುಗಿಯ ಪದವಿಯನ್ನು ತೆಗೆದುಕೊಂಡರೆ ಚಿತ್ರವೇ ಬದಲಾಗುತ್ತದೆ. ಶುಲ್ಕ ಹಗುರ, ವಾಸ ಮನೆಯಲ್ಲಿಯೇ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಿಂದಾಗಿ ಬಸ್ ಪ್ರಯಾಣವೂ ಉಚಿತ. ಅವಳ ಓದಿಗೆ ಮನೆ ತೆರುವ ಹಣ ಎಂಜಿನಿಯರಿಂಗ್ ಸೀಟೊಂದರ ಒಂದು ತಿಂಗಳ ಕಂತಿಗೂ ಸಮನಾಗದೆ ಇರಬಹುದು. ಆದರೆ ಹದಿನೆಂಟರಿಂದ ಇಪ್ಪತ್ತೊಂದರವರೆಗಿನ ಆ ಮೂರು ವರ್ಷಗಳು, ಮನೆಯವರು ಮದುವೆಯ ಮಾತು ಎತ್ತುವ ವಯಸ್ಸಿಗೂ ಅವಳು ತನ್ನ ಮಾತನ್ನು ತಾನೇ ಆಡಬಲ್ಲ ವಯಸ್ಸಿಗೂ ನಡುವೆ ನಿಲ್ಲುತ್ತವೆ. ದಿನವೂ ಊರಿನಿಂದ ಹೊರಗೆ ಹೋಗಿ ಬರುವುದು, ಬೇರೆ ಜಾತಿಯ ಗೆಳತಿಯೊಡನೆ ಬುತ್ತಿ ಹಂಚಿಕೊಳ್ಳುವುದು, ಬ್ಯಾಂಕಿನ ಅರ್ಜಿಯನ್ನು ಯಾರ ಸಹಾಯವೂ ಇಲ್ಲದೆ ತುಂಬುವುದು, ಗ್ರಂಥಾಲಯದಲ್ಲಿ ತನಗೆ ಬೇಕಾದ ಪುಸ್ತಕವನ್ನು ತಾನೇ ಆರಿಸುವುದು ಇವಾವುದಕ್ಕೂ ಮಾರುಕಟ್ಟೆ ಬೆಲೆ ಕಟ್ಟಿಲ್ಲ. 2010ರಿಂದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿರುವ ರಾಜ್ಯದಲ್ಲಿ, ನಡಾವಳಿ ಪುಸ್ತಕವನ್ನು ಓದಿ ಅರ್ಥಮಾಡಿಕೊಂಡು ಸಹಿ ಹಾಕುವ ಸದಸ್ಯೆಗೂ ಗಂಡ ತೋರಿಸಿದ ಕಡೆ ಸಹಿ ಹಾಕುವ ಸದಸ್ಯೆಗೂ ಇರುವ ಅಂತರವನ್ನು ಯಾವ ಸಂಬಳದ ಸಮೀಕ್ಷೆಯೂ ಹಿಡಿಯುವುದಿಲ್ಲ. ಓದಿದ ತಾಯಂದಿರ ಮಕ್ಕಳ ಆರೋಗ್ಯ ಮತ್ತು ಶಾಲಾ ಹಾಜರಿ ಉತ್ತಮವಾಗಿರುತ್ತದೆ ಎಂಬುದನ್ನು ಮಾತ್ರ ದೇಶದ ಕುಟುಂಬ ಆರೋಗ್ಯ ಸಮೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. ಅವಳಿಗೆ ಕೆಲಸ ಸಿಗಲಿಲ್ಲವೆಂದು ಆ ಪದವಿಯನ್ನು ವ್ಯರ್ಥವೆನ್ನುವುದು, ಬಾವಿಯ ನೀರು ಪೇಟೆಯಲ್ಲಿ ಮಾರಾಟವಾಗಲಿಲ್ಲವೆಂದು ಬಾವಿಯನ್ನೇ ವ್ಯರ್ಥವೆಂದಂತೆ. ಇಂತಹ ಕಾಲೇಜುಗಳಲ್ಲಿ ಪಾಠದ ಬಹುಭಾಗವನ್ನು ಅತಿಥಿ ಉಪನ್ಯಾಸಕರ ಮೇಲೆ, ಅಲ್ಪ ಗೌರವಧನಕ್ಕೆ, ಸೇವಾಭದ್ರತೆಯಿಲ್ಲದೆ ಹೊರಿಸಿರುವುದು ಈ ಕಾರಣಕ್ಕಾಗಿಯೇ ನೋವಿನ ಸಂಗತಿ. ನಾಡಿನಲ್ಲಿ ಅತ್ಯಂತ ಕಡಿಮೆ ಬೆಲೆಗೆ ಅತ್ಯಂತ ಹೆಚ್ಚು ಫಲ ಕೊಡಬಲ್ಲ ಕಾಲೇಜುಗಳನ್ನೇ ನಾವು ಅತ್ಯಂತ ಅಲಕ್ಷ್ಯದಿಂದ ನಡೆಸುತ್ತಿದ್ದೇವೆ.

ಪದವಿಯ ಹೊರಗಿರುವ ದಾರಿಗಳನ್ನೂ ಇಲ್ಲಿ ಹೇಳಬೇಕು. ಎಸ್ಸೆಸ್ಸೆಲ್ಸಿಯ ನಂತರ ಮೂರು ವರ್ಷದ ಡಿಪ್ಲೊಮಾ, ಐಟಿಐ ತರಬೇತಿ, 1961ರ ಅಪ್ರೆಂಟಿಸ್ ಕಾಯಿದೆಯಡಿ ಕಾರ್ಖಾನೆಗಳಲ್ಲಿ ದುಡಿಯುತ್ತಲೇ ಕಲಿಯುವ ಅವಕಾಶ ಇವೆ. 1972ರಲ್ಲಿ ಡೆನ್ಮಾರ್ಕಿನ ಸಹಕಾರದಿಂದ ಬೆಂಗಳೂರಿನಲ್ಲಿ ಆರಂಭವಾಗಿ ಈಗ ಹಲವು ಊರುಗಳಲ್ಲಿ ಶಾಖೆಗಳಿರುವ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ ಟೂಲ್ ಅಂಡ್ ಡೈ ಡಿಪ್ಲೊಮಾ ಮಾಡಿದವರಿಗೆ ಕಾರ್ಖಾನೆಗಳಲ್ಲಿರುವ ಬೇಡಿಕೆ ಸಾಧಾರಣ ಎಂಜಿನಿಯರಿಂಗ್ ಕಾಲೇಜಿನ ಪದವೀಧರರಿಗೆ ಅಸೂಯೆ ಹುಟ್ಟಿಸುವಂತಿದೆ. ಈ ದಾರಿಗೂ ಮಿತಿಯಿದೆ: ಡಿಪ್ಲೊಮಾದವರು ಬೇಗ ಕೆಲಸಕ್ಕೆ ಸೇರಿದರೂ ಬಡ್ತಿಯ ಏಣಿಯಲ್ಲಿ ಸೂಪರ್‌ವೈಸರ್ ಮಟ್ಟಕ್ಕೆ ಬಂದು ನಿಲ್ಲುವುದುಂಟು. ಅದಕ್ಕಾಗಿಯೇ ಡಿಪ್ಲೊಮಾ ಮುಗಿಸಿ ಎರಡನೆಯ ವರ್ಷದ ಬಿ.ಇ.ಗೆ ನೇರವಾಗಿ ಸೇರುವ ಲ್ಯಾಟರಲ್ ಎಂಟ್ರಿ ವ್ಯವಸ್ಥೆ, ಕಡಿಮೆ ಖರ್ಚಿನಲ್ಲಿ ಎರಡು ದಾರಿಗಳ ಪ್ರಯೋಜನವನ್ನೂ ಕೊಡುತ್ತದೆ.

ಮನೆಯೊಂದು ಸೀಟನ್ನು ಆರಿಸುವಾಗ ಅದರ ಮುಂದಿರುವ ಮಾಹಿತಿ ಬಹಳ ದುರ್ಬಲ. ಕಾಲೇಜುಗಳ ಜಾಹೀರಾತಿನಲ್ಲಿ ಕಾಣುವುದು ಅತಿ ಹೆಚ್ಚಿನ ಪ್ಯಾಕೇಜ್, ಇಲ್ಲವೇ ಸರಾಸರಿ ಪ್ಯಾಕೇಜ್. ಹತ್ತು ಮಂದಿಯಲ್ಲಿ ಒಬ್ಬನಿಗೆ 40 ಲಕ್ಷ, ಒಂಬತ್ತು ಮಂದಿಗೆ ತಲಾ 3 ಲಕ್ಷ ಸಿಕ್ಕರೆ ಸರಾಸರಿ 6 ಲಕ್ಷ 70 ಸಾವಿರವಾಗುತ್ತದೆ, ಆದರೆ ಆ ಸಂಬಳ ಹತ್ತರಲ್ಲಿ ಒಬ್ಬನಿಗೂ ಸಿಕ್ಕಿರುವುದಿಲ್ಲ. ಎಲ್ಲರನ್ನೂ ಸಂಬಳದ ಕ್ರಮದಲ್ಲಿ ನಿಲ್ಲಿಸಿದಾಗ ನಟ್ಟನಡುವೆ ಬರುವವನ ಸಂಬಳ ಎಷ್ಟು ಎಂಬುದನ್ನು ಮಧ್ಯಾಂಕ ಎನ್ನುತ್ತಾರೆ. ಇಲ್ಲಿ ಅದು 3 ಲಕ್ಷ, ಮತ್ತು ಸಾಮಾನ್ಯ ವಿದ್ಯಾರ್ಥಿಯ ಭವಿಷ್ಯಕ್ಕೆ ಅದೇ ಹತ್ತಿರದ ಸೂಚನೆ. ಕೇಂದ್ರ ಸರಕಾರದ ರಾಷ್ಟ್ರೀಯ ಶ್ರೇಯಾಂಕ ಚೌಕಟ್ಟಿನಲ್ಲಿ, ಅಂದರೆ ಎನ್‌ಐಆರ್‌ಎಫ್‌ನಲ್ಲಿ, ಭಾಗವಹಿಸುವ ಪ್ರತಿ ಕಾಲೇಜೂ ನಿಗದಿತ ಅವಧಿಯಲ್ಲಿ ಎಷ್ಟು ಮಂದಿ ತೇರ್ಗಡೆಯಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅವರ ಸಂಬಳದ ಮಧ್ಯಾಂಕ ಎಷ್ಟು ಎಂಬುದನ್ನು ಬರೆದುಕೊಡಬೇಕು. ಆ ವಿವರ ಸಾರ್ವಜನಿಕವಾಗಿಯೇ ಇರುತ್ತದೆ. ಅದರಲ್ಲಿ ಮೊದಲನೆಯ ಅಂಕಿಯನ್ನು ಯಾರೂ ನೋಡುವುದಿಲ್ಲ, ನೋಡಬೇಕಾದದ್ದು ಅದನ್ನೇ ಮೊದಲು. ಕನ್ನಡ ಮಾಧ್ಯಮದಿಂದ ಬಂದು ಮೊದಲ ಸೆಮಿಸ್ಟರಿನ ಗಣಿತ ಮತ್ತು ಇಂಗ್ಲಿಷಿನ ಭಾರಕ್ಕೆ ಬ್ಯಾಕ್‌ಲಾಗ್ ಉಳಿಸಿಕೊಂಡು, ಇಯರ್ ಬ್ಯಾಕ್ ಆಗಿ, ಕೊನೆಗೆ ಪದವಿಯಿಲ್ಲದೆ ಸಾಲದೊಂದಿಗೆ ಊರಿಗೆ ಮರಳುವವನ ನಷ್ಟಕ್ಕೆ ಸಮನಾದ ನಷ್ಟ ಈ ಇಡೀ ಲೆಕ್ಕದಲ್ಲಿ ಬೇರೊಂದಿಲ್ಲ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸೀಟು ಹಂಚಿದ ಮೇಲೆ ವಿದ್ಯಾರ್ಥಿಗೆ ನಾಲ್ಕು ಆಯ್ಕೆಗಳನ್ನು ಕೊಡುತ್ತದೆ: ಸೀಟು ಒಪ್ಪಿ ಕಾಲೇಜು ಸೇರುವುದು, ಒಪ್ಪಿಕೊಂಡೂ ಮುಂದಿನ ಸುತ್ತಿಗೆ ಕಾಯುವುದು, ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿಯಾಗಿ ಹೊರನಡೆಯುವುದು. ತೀರ್ಮಾನಕ್ಕೆ ಇರುವುದು ಕೆಲವೇ ದಿನ. ಕಾಲೇಜುವಾರು ಶುಲ್ಕವನ್ನೂ ಹಿಂದಿನ ವರ್ಷದ ಕಟ್‌ಆಫ್ ರ‍್ಯಾಂಕನ್ನೂ ಪ್ರಾಧಿಕಾರವೇ ಪ್ರಕಟಿಸುತ್ತದೆ. ಅದೇ ಪಟ್ಟಿಯಲ್ಲಿ, ಪ್ರತಿ ಕಾಲೇಜಿನ ಸಂಕೇತದ ಪಕ್ಕದಲ್ಲಿ, ನಾಲ್ಕು ವರ್ಷದೊಳಗೆ ತೇರ್ಗಡೆಯಾದವರ ಸಂಖ್ಯೆಯನ್ನೂ ಸಂಬಳದ ಮಧ್ಯಾಂಕವನ್ನೂ ಕನ್ನಡದಲ್ಲಿ ಮುದ್ರಿಸಲು ಹೊಸ ಶಾಸನವೇನೂ ಬೇಕಾಗಿಲ್ಲ. ಎರಡು ಕಲಂ ಹೆಚ್ಚಾದರೆ ಸಾಕು, ಒಡವೆಯ ಡಬ್ಬಿ ತೆರೆಯುವ ಮೊದಲು ಅವನ್ನು ಓದಲು ಒಂದು ಮನೆಗೆ ಅವಕಾಶ ಸಿಗುತ್ತದೆ.